ಟಿಇಟಿ ಪಾಸಾಯ್ತು, ಮುಂದೇನು? ಸರ್ಕಾರಿ ಶಾಲೆಗೆ ಟೀಚರ್ ಆಗಲು ಹೊರಟವರಿಗೆ

ಟಿಇಟಿ ಫಲಿತಾಂಶ ಬಂದ ವಾರ ನನಗೆ ಬರುವ ಮೆಸೇಜುಗಳೆಲ್ಲ ಒಂದೇ ತರ. "ಮೇಡಂ, ಪಾಸಾಯ್ತು, ಆರ್ಡರ್ ಯಾವಾಗ ಬರುತ್ತೆ?" ಆರ್ಡರ್ ಬರುವುದಿಲ್ಲ. ಟಿಇಟಿ ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಪಾಸಾದರೆ ನೇಮಕಾತಿಗೆ ಅರ್ಜಿ ಹಾಕುವ ಅರ್ಹತೆ ಬಂತು, ಅಷ್ಟೇ. ಜಾತಕ ಕೂಡಿಬಂದಿದೆ, ಹುಡುಗನ ಕಡೆಯವರು ಇನ್ನೂ ಮನೆಗೆ ಬಂದಿಲ್ಲ ಅಂತಾರಲ್ಲ, ಹಾಗೆ.

ವಿಜಯನಗರ, ಅತ್ತಿಗುಪ್ಪೆಯ ಪಿಜಿಗಳಲ್ಲಿ ಕೂತು ಓದುವ ನೂರಾರು ಮಂದಿಯನ್ನು ನೋಡಿದ್ದೇನೆ. ಓದುವುದರಲ್ಲಿ ಯಾರೂ ಕಡಿಮೆ ಇಲ್ಲ. ಜಾಸ್ತಿ ಜನ ಎಡವುವುದು ಕಾಗದಪತ್ರದಲ್ಲಿ. ಅದಕ್ಕೇ ಈ ಲೇಖನದಲ್ಲಿ ಓದಿನ ಟಿಪ್ಸ್‌ಗಿಂತ ಕಾಗದದ ಮಾತೇ ಹೆಚ್ಚು. ಬೇಜಾರಾಗಬೇಡಿ.

1. ಯಾವ ತರಗತಿಗೆ ಪಾಠ ಮಾಡುತ್ತೀರಿ ಅಂತ ಮೊದಲು ತೀರ್ಮಾನಿಸಿ

"ಟೀಚರ್ ಪೋಸ್ಟ್" ಅನ್ನುವುದು ಒಂದೇ ಪೋಸ್ಟ್ ಅಲ್ಲ.

1ರಿಂದ 5ನೇ ತರಗತಿಗೆ ಪಿಎಸ್‌ಟಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು. ಇದಕ್ಕೆ ಪಿಯುಸಿ ಆದಮೇಲೆ ಮಾಡುವ ಎರಡು ವರ್ಷದ ಶಿಕ್ಷಕರ ತರಬೇತಿ, ಅಂದರೆ ಡಿಎಲ್‌ಇಡಿ ಬೇಕು. ಇದನ್ನೇ ಹಿಂದೆ ಡಿ.ಎಡ್ ಅನ್ನುತ್ತಿದ್ದರು, ಅದಕ್ಕೂ ಹಿಂದೆ ಟಿಸಿಎಚ್. ಜೊತೆಗೆ ಟಿಇಟಿಯ ಪತ್ರಿಕೆ-1.

6ರಿಂದ 8ಕ್ಕೆ ಜಿಪಿಟಿ, ಪದವೀಧರ ಪ್ರಾಥಮಿಕ ಶಿಕ್ಷಕರು. ಪದವಿ, ಶಿಕ್ಷಕರ ತರಬೇತಿ, ಟಿಇಟಿಯ ಪತ್ರಿಕೆ-2. ಬಿ.ಎಡ್ ಮಾಡಿದವರ ಜಾಗ ಇದು.

ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್ ಬೇಕು. ಅಲ್ಲಿ ಸದ್ಯ ಟಿಇಟಿ ಕೇಳುವುದಿಲ್ಲ. ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಎಡ್.

ಇಲ್ಲಿ ಜನ ಪದೇ ಪದೇ ಮಾಡುವ ತಪ್ಪು ಒಂದಿದೆ. ಬಿ.ಎಡ್ ಇದ್ದವರೂ 1ರಿಂದ 5ಕ್ಕೆ ಅರ್ಜಿ ಹಾಕಬಹುದು ಅಂತ 2018ರಲ್ಲಿ ಎನ್‌ಸಿಟಿಇ ಒಂದು ಅಧಿಸೂಚನೆ ಹೊರಡಿಸಿತ್ತು. ಎನ್‌ಸಿಟಿಇ ಅಂದರೆ ಶಿಕ್ಷಕರ ಅರ್ಹತೆ ನಿಗದಿ ಮಾಡುವ ಕೇಂದ್ರದ ಮಂಡಳಿ. ಆ ಅಧಿಸೂಚನೆ ಈಗ ನಡೆಯುವುದಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಎಂದು ಹೇಳಿಬಿಟ್ಟಿತು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ, ಬಿ.ಎಡ್ ತರಬೇತಿಯೇ ಬೇರೆ ಎನ್ನುವುದು ಅದರ ತಾತ್ಪರ್ಯ. ನನ್ನ ಕೇಳಿದರೆ ಸರಿಯಾದ ಮಾತೇ. ಆದರೂ ಹಳೆಯ ಯೂಟ್ಯೂಬ್ ವಿಡಿಯೋ ನೋಡಿಕೊಂಡು, ಬರೀ ಬಿ.ಎಡ್ ಇಟ್ಟುಕೊಂಡು ಪತ್ರಿಕೆ-1ಕ್ಕೆ ಆರು ತಿಂಗಳು ಓದುವವರು ಈಗಲೂ ಇದ್ದಾರೆ.

2. ಟಿಇಟಿ ಬರೆಯಿರಿ, ಪಾಸಾದರೆ ಸಾಕು ಅಂದುಕೊಳ್ಳಬೇಡಿ

ರಾಜ್ಯದಲ್ಲಿ ಈ ಪರೀಕ್ಷೆ ನಡೆಸುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. ಪ್ರತಿ ವರ್ಷ ಇಂಥದ್ದೇ ತಿಂಗಳು ಅಂತ ಇಲ್ಲ. 2024ರಲ್ಲಿ ಜೂನ್ 30ಕ್ಕೆ ನಡೆಯಿತು, 2025ರಲ್ಲಿ ಡಿಸೆಂಬರ್ 7ಕ್ಕೆ. ಹಾಗಾಗಿ ಇಲಾಖೆಯ ಜಾಲತಾಣವನ್ನು ಆಗಾಗ ನೋಡುತ್ತಿರಿ. ವಾಟ್ಸಾಪ್ ಫಾರ್ವರ್ಡ್ ನಂಬಿ ಕೂರಬೇಡಿ. ಶುಲ್ಕ ಈಚಿನ ಪರೀಕ್ಷೆಗಳಲ್ಲಿ ಒಂದು ಪತ್ರಿಕೆಗೆ 700 ರೂಪಾಯಿ, ಎರಡೂ ಬರೆದರೆ 1,000. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಅದರ ಅರ್ಧ.

ಪ್ರತಿ ಪತ್ರಿಕೆಯಲ್ಲೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಪತ್ರಿಕೆ-1ರಲ್ಲಿ ಮಗುವಿನ ಬೆಳವಣಿಗೆ ಮತ್ತು ಬೋಧನೆ, ಭಾಷೆ-1, ಭಾಷೆ-2, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30 ಅಂಕ. ಪತ್ರಿಕೆ-2ರಲ್ಲಿ ಮೊದಲ ಮೂರು ಅದೇ, ಉಳಿದ 60 ಅಂಕಕ್ಕೆ ಗಣಿತ-ವಿಜ್ಞಾನ ಅಥವಾ ಸಮಾಜ. ಸಾಮಾನ್ಯ ವರ್ಗ ಮತ್ತು ಹಿಂದುಳಿದ ವರ್ಗದವರಿಗೆ ಶೇ 60, ಅಂದರೆ 90 ಅಂಕ ಬೇಕು. ಪರಿಶಿಷ್ಟರಿಗೆ, ಪ್ರವರ್ಗ-1ಕ್ಕೆ, ಅಂಗವಿಕಲರಿಗೆ ಶೇ 55.

ಒಮ್ಮೆ ಪಾಸಾದರೆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಮೊದಲು ಏಳು ವರ್ಷ ಅಂತಿತ್ತು, 2021ರಲ್ಲಿ ಬದಲಾಯಿತು. 2011ರಿಂದ ಪಾಸಾದವರಿಗೂ ಇದು ಅನ್ವಯ.

ಆದರೆ 90 ಬಂತು, ಸಾಕು ಅಂತ ಪುಸ್ತಕ ಮುಚ್ಚಬೇಡಿ. ಹಿಂದಿನ ನೇಮಕಾತಿಗಳಲ್ಲಿ ಟಿಇಟಿ ಅಂಕವೂ ಮೆರಿಟ್ ಲೆಕ್ಕಕ್ಕೆ ಸೇರಿದೆ. 92 ಬಂದವರು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಬರೆಯಿರಿ.

ಏನು ಓದಬೇಕು? ಕರ್ನಾಟಕ ಪಠ್ಯಪುಸ್ತಕ ಸಂಘದ 1ರಿಂದ 8ರವರೆಗಿನ ಪುಸ್ತಕಗಳು ಪುಕ್ಕಟೆ ಪಿಡಿಎಫ್ ಸಿಗುತ್ತವೆ. ಕೈಯಲ್ಲಿ ಹಿಡಿದು ಓದಬೇಕು ಅಂದರೆ ಅವೆನ್ಯೂ ರೋಡಿನಲ್ಲಿ ಹಳೆಯ ಪುಸ್ತಕ ಸಿಗುತ್ತದೆ. ದಪ್ಪ ಗೈಡುಗಳಿಗಿಂತ ಇವೇ ಮೊದಲು.

ಬೋಧನಾಶಾಸ್ತ್ರದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಉತ್ತರಿಸಲು ಆಗುವುದಿಲ್ಲ. ಒಂದು ಉದಾಹರಣೆ ನೋಡಿ. ಮಗು 43 + 29 = 612 ಅಂತ ಬರೆದಿದೆ. ನೀವೇನು ಮಾಡುತ್ತೀರಿ? "ಮತ್ತೆ ಹತ್ತು ಸಲ ಬರೆಸುತ್ತೇನೆ" ಅಂತ ಟಿಕ್ ಹಾಕಿದರೆ ಅಂಕ ಹೋಯಿತು. ಆ ಮಗುವಿಗೆ ಕೂಡುವುದು ಬರುತ್ತದೆ. 3 ಮತ್ತು 9 ಕೂಡಿ 12, 4 ಮತ್ತು 2 ಕೂಡಿ 6, ಎರಡೂ ಸರಿಯೇ. ಬಂದಿಲ್ಲದ್ದು ಸ್ಥಾನಬೆಲೆ. ಹತ್ತು ಬಿಡಿ ಸೇರಿ ಒಂದು ಹತ್ತಾಗುತ್ತದೆ ಅನ್ನುವುದು ಅದಕ್ಕೆ ಹೊಳೆದಿಲ್ಲ. ಹತ್ತು ಕಡ್ಡಿ ಕೊಟ್ಟು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟಿಸುವ ಟೀಚರ್ ಈ ಪ್ರಶ್ನೆಗೆ ಸರಿ ಉತ್ತರ ಕೊಡುತ್ತಾರೆ. ಮಕ್ಕಳು ಹೇಗೆ ಬೆಳೆಯುತ್ತಾರೆ, ಕಲಿಯುತ್ತಾರೆ ಅಂತ ಹೇಳಿದ ಪಿಯಾಜೆ, ವೈಗಾಟ್‌ಸ್ಕಿ, ಕೋಲ್ಬರ್ಗ್ ಹೆಸರುಗಳನ್ನು ಓದುವಾಗಲೂ ಪ್ರತಿ ಸಿದ್ಧಾಂತಕ್ಕೆ ಇಂಥ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

3. ಕಾಗದಪತ್ರ: ಅಧಿಸೂಚನೆ ಬರುವ ಮೊದಲೇ ಮಾಡಿಸಿ

ಇದನ್ನು ಎರಡು ಸಲ ಓದಿ.

ನಿಯಮ ಸರಳ. ಅರ್ಜಿಯಲ್ಲಿ ಯಾವ ಮೀಸಲಾತಿ ಕೇಳಿದ್ದೀರೋ ಅದರ ಪ್ರಮಾಣಪತ್ರ ಅರ್ಜಿಯ ಕೊನೆಯ ದಿನಾಂಕದೊಳಗೆ ನಿಮ್ಮ ಕೈಯಲ್ಲಿರಬೇಕು. ಆಮೇಲೆ ಮಾಡಿಸಿ ತಂದರೆ ಪರಿಶೀಲನೆಯ ಟೇಬಲ್ಲಿನಲ್ಲಿ ಪಕ್ಕಕ್ಕಿಡುತ್ತಾರೆ. ಅಳುವವರನ್ನು ನೋಡಿದ್ದೇನೆ.

ಜಾತಿ-ಆದಾಯ ಪತ್ರ: ಹಿಂದುಳಿದ ವರ್ಗದವರ ಪತ್ರಕ್ಕೆ ಐದು ವರ್ಷ ಆಯಸ್ಸು. ನಾಡಕಚೇರಿಯಲ್ಲೋ ಬೆಂಗಳೂರು ಒನ್‌ನಲ್ಲೋ ಅರ್ಜಿ ಹಾಕಿ. ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ಕೇಳುತ್ತಾರೆ. ಒಂದು ಅಂಕಿ ತಪ್ಪಾದರೂ ಬೇರೆ ಯಾರದ್ದೋ ಹೆಸರು ಬರುತ್ತದೆ. ಪರಿಶಿಷ್ಟರ ಜಾತಿ ಪತ್ರಕ್ಕೆ ಅವಧಿ ಇಲ್ಲ. ಆದರೆ 2025ರ ಒಳಮೀಸಲಾತಿ (ಪರಿಶಿಷ್ಟ ಜಾತಿಗಳೊಳಗೇ ಮೀಸಲಾತಿ ಹಂಚುವ) ತೀರ್ಮಾನದ ನಂತರ ಪತ್ರದಲ್ಲಿ ನಿಮ್ಮ ಜಾತಿಯ ಹೆಸರು ಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ಅಂತ ನೋಡಿಕೊಳ್ಳಿ. ಅಂದಹಾಗೆ, 2024ರ ಅಕ್ಟೋಬರ್ ಕೊನೆಯಲ್ಲಿ ಹೊಸ ನೇಮಕಾತಿ ಅಧಿಸೂಚನೆಗಳೆಲ್ಲ ನಿಂತದ್ದು ಈ ಒಳಮೀಸಲಾತಿ ವಿಚಾರಕ್ಕೇ.

ಮದುವೆಯಾದ ಹೆಣ್ಣುಮಕ್ಕಳೇ, ಇಲ್ಲಿ ಜಾಸ್ತಿ ಎಚ್ಚರ. ಜಾತಿ-ಆದಾಯ ಪತ್ರ ಅಪ್ಪನ ಹೆಸರಿನಲ್ಲಿರಬೇಕಾ, ಗಂಡನ ಹೆಸರಿನಲ್ಲಾ? 2022ರ ಜಿಪಿಟಿ ನೇಮಕಾತಿಯಲ್ಲಿ ಇದೇ ಪ್ರಶ್ನೆ ಹೈಕೋರ್ಟ್ ಮೆಟ್ಟಿಲು ಹತ್ತಿತು, ಆಯ್ಕೆಪಟ್ಟಿಯೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಪರೀಕ್ಷೆ ನಡೆದದ್ದು 2022ರ ಮೇನಲ್ಲಿ, ಆದೇಶ ಕೈಗೆ ಸಿಕ್ಕಿದ್ದು 2023ರ ಕೊನೆಗೆ. ನನ್ನ ಸಲಹೆ ಇಷ್ಟೇ: ಎರಡೂ ಮಾಡಿಸಿಟ್ಟುಕೊಳ್ಳಿ. ಆಮೇಲೆ ಆ ಸಲದ ಅಧಿಸೂಚನೆಯಲ್ಲಿ ಏನು ಬರೆದಿದೆಯೋ ಅದನ್ನೇ ಕೊಡಿ. ಅಕ್ಕನಿಗೆ ಹೋದ ಸಲ ನಡೆದದ್ದು ನಿಮಗೆ ಈ ಸಲ ನಡೆಯಬೇಕು ಅಂತಿಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪತ್ರ: 1ರಿಂದ 10ರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಇದನ್ನು ಕೊಡುವುದು ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರು, ಮೇಲುಸಹಿ ಹಾಕುವುದು ಆ ತಾಲ್ಲೂಕಿನ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಈಗ ಯೋಚನೆ ಮಾಡಿ. ನೀವಿರುವುದು ಬೆಂಗಳೂರಲ್ಲಿ, ಪ್ರೈಮರಿ ಓದಿದ್ದು ನಾಗಮಂಗಲದ ಹತ್ತಿರ, ಹೈಸ್ಕೂಲು ಇನ್ನೊಂದು ತಾಲ್ಲೂಕಿನಲ್ಲಿ. ಎರಡು ಶಾಲೆ, ಎರಡು ಬಿಇಒ ಕಚೇರಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಮುಖ್ಯ ಶಿಕ್ಷಕರು ಸಿಗುವುದಿಲ್ಲ. ಸಿಕ್ಕರೂ ದಾಖಲಾತಿ ವಹಿ ಬೀರುವಿನೊಳಗೆ, ಬೀರು ಕೀ ಇನ್ನೊಬ್ಬರ ಹತ್ತಿರ. ಹಬ್ಬಕ್ಕೆ ಊರಿಗೆ ಹೋದಾಗ ಒಂದು ದಿನ ಮುಂಚೆ ಹೋಗಿ ಮುಗಿಸಿಬಿಡಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ, 371(ಜೆ) ಪ್ರಮಾಣಪತ್ರ ಬೇರೆ ಇದೆ. ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ ಅದು. 2022ರ ಜಿಪಿಟಿ ನೇಮಕಾತಿಯ 15,000 ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಆ ಪತ್ರ ಇಲ್ಲದೆ ಆ ಕಡೆಯವರು ಅರ್ಜಿ ಹಾಕಿದರೆ ದೊಡ್ಡ ಅವಕಾಶವನ್ನೇ ಬಿಟ್ಟುಕೊಟ್ಟ ಹಾಗೆ.

ಹೆಸರು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೇ ಆಧಾರ್‌ನಲ್ಲಿ, ಪದವಿ ಸರ್ಟಿಫಿಕೇಟಿನಲ್ಲಿ, ಟಿಇಟಿಯಲ್ಲಿ ಇರಬೇಕು. ನನ್ನ ಇನಿಷಿಯಲ್ ಒಂದು ಕಡೆ ಹೆಸರಿನ ಹಿಂದೆ ಇತ್ತು, ಇನ್ನೊಂದು ಕಡೆ ಮುಂದೆ. ಸುಮ್ನೆ ಒಂದು ಅಕ್ಷರ ಅಂತ ಬಿಟ್ಟಿದ್ದೆ. ಅದಕ್ಕೆ ನೋಟರಿ, ಅಫಿಡವಿಟ್ಟು, ಮೂರು ದಿನ ರಜೆ.

4. ಕಾಯುವ ಕಾಲದಲ್ಲಿ ಅತಿಥಿ ಶಿಕ್ಷಕರಾಗಿ

ಖಾಲಿ ಹುದ್ದೆ ಇರುವ ಶಾಲೆಗಳಿಗೆ ವರ್ಷ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಮೇ ಕೊನೆಯ ವಾರ ಹತ್ತಿರದ ಬಿಇಒ ಕಚೇರಿಯಲ್ಲಿ ಯಾವ ಶಾಲೆಗೆ ಎಷ್ಟು ಅಂತ ವಿಚಾರಿಸಿ, ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಅಂಕಪಟ್ಟಿಗಳ ಜೆರಾಕ್ಸ್ ಕೊಡಿ. 2025-26ರಿಂದ ಗೌರವಧನ ಪ್ರಾಥಮಿಕಕ್ಕೆ 12,000 ರೂಪಾಯಿ, ಪ್ರೌಢಶಾಲೆಗೆ 12,500.

ಬೆಂಗಳೂರಿನ ಬಾಡಿಗೆಗೆ ಇದು ಸಾಲುವುದಿಲ್ಲ, ಮುಚ್ಚುಮರೆ ಏಕೆ. ಅದೂ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಮೂರು ತಿಂಗಳದ್ದು ಒಟ್ಟಿಗೆ ಬಂದದ್ದೂ ಉಂಟು. ಖಾಯಂ ಆಗುವ ದಾರಿಯೂ ಇದಲ್ಲ. ಆದರೂ ಒಂದು ವರ್ಷ ಮಾಡಿ ಅನ್ನುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ನಲವತ್ತು ಮಕ್ಕಳನ್ನು ಕೂರಿಸುವುದು ಎಷ್ಟು ಕಷ್ಟ ಅಂತ ಯಾವ ಕೋಚಿಂಗ್‌ನಲ್ಲೂ ಹೇಳಿಕೊಡುವುದಿಲ್ಲ. ಈ ಕೆಲಸ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತಲೂ ಗೊತ್ತಾಗುತ್ತದೆ.

5. ನೇಮಕಾತಿ ಪರೀಕ್ಷೆ, ಜಿಲ್ಲೆಯ ಆಯ್ಕೆ, ಕೌನ್ಸೆಲಿಂಗ್

ಟಿಇಟಿ ಬೇರೆ, ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೆ. ಜಿಪಿಟಿಗೆ ಮೂರು ಪತ್ರಿಕೆ: ಸಾಮಾನ್ಯ ಜ್ಞಾನ, ವಿಷಯ, ಭಾಷಾ ಸಾಮರ್ಥ್ಯ. 2022ರಲ್ಲಿ 15,000 ಹುದ್ದೆ ಕರೆದರೂ ಆಯ್ಕೆಪಟ್ಟಿಗೆ ಬಂದವರು 13 ಸಾವಿರದ ಚಿಲ್ಲರೆ ಮಾತ್ರ. ಹುದ್ದೆ ಇತ್ತು, ಅಷ್ಟು ಜನ ಸಿಗಲಿಲ್ಲ. ಇಲ್ಲಿ ವಿವರವಾಗಿ ಬರೆಯುವ ಉತ್ತರಗಳೂ ಇರುತ್ತವೆ, ಆದರೆ ವಸ್ತುನಿಷ್ಠ ಪ್ರಶ್ನೆಗೆ ಟಿಕ್ ಹಾಕಿ ಹಾಕಿ ಬರೆಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ದಿನಕ್ಕೆ ಒಂದು ಪುಟವಾದರೂ ಪೆನ್ನು ಹಿಡಿದು ಬರೆಯಿರಿ.

ಹುದ್ದೆಗಳು ಜಿಲ್ಲಾವಾರು. "ನಾನು ಬೆಂಗಳೂರಲ್ಲಿದ್ದೇನೆ, ಬೆಂಗಳೂರಿಗೇ ಹಾಕುತ್ತೇನೆ" ಅನ್ನುವ ಮೊದಲು ಅಧಿಸೂಚನೆಯ ಪಟ್ಟಿಯಲ್ಲಿ ನಿಮ್ಮ ವಿಷಯಕ್ಕೆ, ನಿಮ್ಮ ವರ್ಗಕ್ಕೆ ಅಲ್ಲಿ ಎಷ್ಟು ಹುದ್ದೆ ಇದೆ ನೋಡಿ. ಒಂದೋ ಎರಡೋ ಇದ್ದರೆ ಬೇರೆ ಜಿಲ್ಲೆ ಯೋಚಿಸಿ. ಬೆಂಗಳೂರು ನಗರ ಅಂದರೂ ಶೈಕ್ಷಣಿಕವಾಗಿ ಉತ್ತರ, ದಕ್ಷಿಣ ಅಂತ ಎರಡು ಜಿಲ್ಲೆ, ಅದನ್ನೂ ಗಮನಿಸಿ. "ಆಮೇಲೆ ವರ್ಗ ಮಾಡಿಸಿಕೊಳ್ಳೋಣ" ಅನ್ನುವುದು ಅಂದುಕೊಂಡಷ್ಟು ಸುಲಭ ಅಲ್ಲ. ಶಿಕ್ಷಕರ ವರ್ಗಾವಣೆಗೆ 2020ರಲ್ಲಿ ಕಾಯ್ದೆಯೇ ಬಂದಿದೆ. ಕೌನ್ಸೆಲಿಂಗ್ ಮೂಲಕವೇ ಆಗಬೇಕು. ಬೇರೆ ಜಿಲ್ಲೆಗೆ ಹೋದರೆ ಸೇವಾ ಹಿರಿತನವೂ ಹೋಗುತ್ತದೆ, ಹೊಸ ಜಿಲ್ಲೆಯ ಪಟ್ಟಿಯಲ್ಲಿ ನೀವು ಕೊನೆಯವರು.

ಆಯ್ಕೆಯಾದ ಮೇಲೆ ಮೂಲ ದಾಖಲೆ ಪರಿಶೀಲನೆ, ಸಿಂಧುತ್ವ (ಜಾತಿ ಪತ್ರ ಅಸಲಿಯೇ ಅಂತ ಖಚಿತಪಡಿಸುವುದು), ಪೊಲೀಸ್ ವರದಿ, ವೈದ್ಯಕೀಯ ಪತ್ರ, ಆಮೇಲೆ ಶಾಲೆ ಆರಿಸುವ ಕೌನ್ಸೆಲಿಂಗ್. ಹೋಗುವ ಮೊದಲು ಐದಾರು ಶಾಲೆ ಹೆಸರು ಬರೆದಿಟ್ಟುಕೊಳ್ಳಿ. ಬಸ್ ಇದೆಯಾ, ಎಷ್ಟು ಜನ ಶಿಕ್ಷಕರಿದ್ದಾರೆ, ಯಾರಿಗಾದರೂ ಫೋನ್ ಮಾಡಿ ಕೇಳಿ. ಪರದೆಯ ಮುಂದೆ ನಿಂತಾಗ ಯೋಚನೆಗೆ ಸಮಯ ಕೊಡುವುದಿಲ್ಲ.

ಯಾರಾದರೂ "ಇಷ್ಟು ಕೊಟ್ಟರೆ ಪೋಸ್ಟಿಂಗ್ ಮಾಡಿಸ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಹತ್ತು ವರ್ಷದ ಹಿಂದೆ ಅಕ್ರಮವಾಗಿ ಸೇರಿದ್ದರು ಎನ್ನಲಾದ ಶಿಕ್ಷಕರನ್ನು 2022ರಲ್ಲಿ ಸಿಐಡಿ ಪೊಲೀಸರು ಬಂಧಿಸಿದ್ದು ನೆನಪಿದೆ ಅಲ್ವಾ?

6. ಕೆಲಸಕ್ಕೆ ಸೇರಿದ ಮೊದಲ ವರ್ಷ

ಸೇರಿದ ತಿಂಗಳಲ್ಲೇ ಸೇವಾ ಪುಸ್ತಕ ತೆರೆಸಿ. ನಿಮ್ಮ ಇಡೀ ನೌಕರಿಯ ಜಾತಕ ಅದು, ಎಸ್‌ಆರ್ ಅಂತಲೂ ಕರೆಯುತ್ತಾರೆ. ಜನ್ಮದಿನಾಂಕ, ಹೆಸರು, ಸೇರಿದ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ, ಎಲ್ಲ ಓದಿಯೇ ಸಹಿ ಹಾಕಿ. ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿರಲಿ. ಕೆಜಿಐಡಿ, ಅಂದರೆ ಸರ್ಕಾರಿ ನೌಕರರ ಕಡ್ಡಾಯ ಜೀವವಿಮೆ, ಮತ್ತು ಪಿಂಚಣಿಯ ಎನ್‌ಪಿಎಸ್ ಸಂಖ್ಯೆ ಆಗದಿದ್ದರೆ ಮೊದಲ ಸಂಬಳವೇ ತಡವಾಗಬಹುದು.

ತರಬೇತಿಯ ವಿಷಯ. ಮನೆ ದೊಡ್ಡವರ ಹೆಸರುಗಳ ಹಾಗೆ ಇವನ್ನು ಗೊತ್ತುಮಾಡಿಕೊಳ್ಳಿ. ಡಿಎಸ್‌ಇಆರ್‌ಟಿ ಬನಶಂಕರಿ 3ನೇ ಹಂತದಲ್ಲಿದೆ, ರಾಜ್ಯದ ತರಬೇತಿಗೆಲ್ಲ ತಾಯಿಬೇರು. ಜಿಲ್ಲೆಗೆ ಡಯಟ್, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ. ಅದರ ಕೆಳಗೆ ತಾಲ್ಲೂಕಿಗೆ ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ), ಹತ್ತಾರು ಶಾಲೆಗೆ ಒಬ್ಬರು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ಈ ಸಿಆರ್‌ಪಿ ನಂಬರ್ ನಿಮ್ಮ ಫೋನಿನಲ್ಲಿ ಮೊದಲು ಸೇವ್ ಆಗಬೇಕು. ಅವರನ್ನು ತಪಾಸಣೆಗೆ ಬಂದವರ ಹಾಗೆ ನೋಡಬೇಡಿ, ಅವರೂ ಶಿಕ್ಷಕರೇ. "ನನಗೆ ಇದು ಬರುತ್ತಿಲ್ಲ, ಒಂದು ಪಾಠ ಮಾಡಿ ತೋರಿಸಿ" ಅಂತ ಕೇಳಿ. ಕೇಳಿದವರಿಗೆ ಇಲ್ಲ ಅಂದ ಸಿಆರ್‌ಪಿಯನ್ನು ನಾನು ನೋಡಿಲ್ಲ.

1ರಿಂದ 3ನೇ ತರಗತಿ ಸಿಕ್ಕರೆ ನಲಿ-ಕಲಿ (ಆಡುತ್ತಾ ಕಲಿಸುವ ಪದ್ಧತಿ) ತರಬೇತಿ ಸಿಗುವವರೆಗೆ ಕಾಯಬೇಡಿ, ಪಕ್ಕದ ಶಾಲೆಯ ಅನುಭವಿ ಟೀಚರ್ ತರಗತಿಯಲ್ಲಿ ಎರಡು ದಿನ ಕೂತು ಬನ್ನಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕೂಡಿ ಶುರುಮಾಡಿದ ಪದ್ಧತಿ ಇದು. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಐದು ತಟ್ಟೆ. ತಟ್ಟೆ ಅಂದರೆ ಮಕ್ಕಳ ಗುಂಪು: ಟೀಚರ್ ಪೂರ್ತಿ ಜೊತೆಗಿರುವ ಗುಂಪಿನಿಂದ ಹಿಡಿದು ತಾನೇ ಕಲಿಯುವ ಗುಂಪಿನವರೆಗೆ. ಕಾಗದದಲ್ಲಿ ಓದಿದರೆ ತಲೆ ತಿರುಗುತ್ತದೆ, ಒಂದು ಬೆಳಿಗ್ಗೆ ನೋಡಿದರೆ ಅರ್ಥವಾಗುತ್ತದೆ.

ಇಂಗ್ಲಿಷ್ ಭಯ ಇದ್ದವರು ಜ್ಞಾನಭಾರತಿ ಆವರಣದ ಇಂಗ್ಲಿಷ್ ತರಬೇತಿ ಸಂಸ್ಥೆ ಆರ್‌ಐಇಎಸ್‌ಐನ 30 ದಿನದ ತರಬೇತಿಗೆ ಹೆಸರು ಕೊಡಿ. ದೀಕ್ಷಾ ಆ್ಯಪ್‌ನಲ್ಲಿ ಶಿಕ್ಷಕರಿಗೆಂದೇ ಇರುವ ನಿಷ್ಠಾ ತರಬೇತಿ ಕೋರ್ಸುಗಳಿವೆ. ವಿಡಿಯೋ ಓಡಲು ಬಿಟ್ಟು ಅಡುಗೆ ಮಾಡುವವರೂ ಇದ್ದಾರೆ, ಅದು ನಿಮಗೆ ಬಿಟ್ಟದ್ದು.

7. ಈಗಾಗಲೇ ಸೇವೆಯಲ್ಲಿದ್ದೀರಾ?

2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಓದಿಕೊಳ್ಳಿ. 1ರಿಂದ 8ಕ್ಕೆ ಕಲಿಸುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂದಿದೆ. ಐದು ವರ್ಷಕ್ಕಿಂತ ಕಡಿಮೆ ಇದ್ದವರು ಮುಂದುವರಿಯಬಹುದು, ಆದರೆ ಬಡ್ತಿ ಬೇಕಾದರೆ ಟಿಇಟಿ ಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಇದು ಮುಜುಗರವೇ. ಆದರೂ ಮುಂದಿನ ಅಧಿಸೂಚನೆಗೆ ಅರ್ಜಿ ಹಾಕಿಬಿಡಿ. ಮಕ್ಕಳ ಮನಸ್ಸಿನ ಪ್ರಶ್ನೆಗಳಲ್ಲಿ ಹೊಸಬರಿಗಿಂತ ನಿಮಗೇ ಅಂಕ ಜಾಸ್ತಿ ಬರುತ್ತದೆ.

8. ಮುಖ್ಯ ಶಿಕ್ಷಕರಾಗುವ ದಿನ

ಎಷ್ಟೋ ಶಾಲೆಗಳಲ್ಲಿ ಖಾಯಂ ಮುಖ್ಯ ಶಿಕ್ಷಕರಿರುವುದಿಲ್ಲ, ಇದ್ದವರಲ್ಲಿ ಹಿರಿಯರಿಗೆ "ಪ್ರಭಾರ", ಅಂದರೆ ಆ ಹುದ್ದೆಯ ತಾತ್ಕಾಲಿಕ ಜವಾಬ್ದಾರಿ, ಬರುತ್ತದೆ. ಹೊಸಬರಿಗೂ ಬಂದದ್ದಿದೆ. ಮುಖ್ಯ ಶಿಕ್ಷಕರ ತರಬೇತಿಗೆ ಧಾರವಾಡದಲ್ಲಿ ಸಿಸ್ಲೆಪ್ ಅನ್ನುವ ಸಂಸ್ಥೆಯೇ ಇದೆ, ಶಾಲಾ ನಾಯಕತ್ವ ಮತ್ತು ಯೋಜನೆ ಅವರ ಕೆಲಸ. ಅವಕಾಶ ಬಂದಾಗ ಹೋಗಿ. ಆದರೆ ಪ್ರಭಾರ ತರಬೇತಿಗೆ ಕಾಯುವುದಿಲ್ಲ, ಸಂಜೆ ನಾಲ್ಕಕ್ಕೆ ಬರುತ್ತದೆ, "ಬೇಗ ಸಹಿ ಹಾಕಿ ಮೇಡಂ, ನನಗೆ ರಿಲೀವ್ ಆಗಬೇಕು" ಅಂತ ಹಳಬರು ಪೆನ್ನು ಮುಂದೆ ಹಿಡಿದಿರುತ್ತಾರೆ.

ಹಾಕಬೇಡಿ. ಮೊದಲು ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಜಂಟಿ ಖಾತೆಯ ಪಾಸ್‌ಬುಕ್ಕಿಗೆ ಅವತ್ತಿನ ಎಂಟ್ರಿ ಹಾಕಿಸಿ, ಕ್ಯಾಶ್ ಬುಕ್ಕಿನ ಜೊತೆ ಹೋಲಿಸಿ. ಸ್ಟಾಕ್ ರಿಜಿಸ್ಟರಿನಲ್ಲಿರುವ ಕಂಪ್ಯೂಟರು, ಬೆಂಚು, ಬೀರು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ "ಇಲ್ಲ" ಅಂತ ಬರೆದೇ ಸಹಿ. ಎಸ್‌ಎಟಿಎಸ್, ಅಂದರೆ ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ, ಅದರ ಪಾಸ್‌ವರ್ಡ್ ಕೇಳಿ ಪಡೆಯಿರಿ. ಅದರಲ್ಲಿರುವ ಮಕ್ಕಳ ಸಂಖ್ಯೆಗೂ ಹಾಜರಿ ಪುಸ್ತಕಕ್ಕೂ ತಾಳೆ ನೋಡಿ. ಕೊನೆಗೆ ಅಡುಗೆ ಕೋಣೆಗೆ ಹೋಗಿ ಬಿಸಿಯೂಟದ ಅಕ್ಕಿ ಮೂಟೆ ಎಣಿಸಿ. ಹೌದು, ನೀವೇ ನಿಂತು, ಒಂದೊಂದೇ ಮುಟ್ಟಿ. ಬಿಚ್ಚಿದ ಮೂಟೆ ಇದ್ದರೆ ತೂಕ ಹಾಕಿಸಿ. ಸಹಿ ಆಮೇಲೆ.